ಆತ್ರೇಯಿಯ ನಿರ್ಗಮನ ಮತ್ತು ಶಾಲೆಯ ಆಯ್ಕೆ

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿಗೆ ಸೇರಿದ ಶಿವಾರಪಟ್ಟಣವು ಶಿಲ್ಪಿಗಳ ಊರೆಂದು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ವಿಶ್ವಕರ್ಮ ಮನೆತನಗಳು ತಲೆತಲಾಂತರದಿಂದ ಇಲ್ಲಿ ಕಲ್ಲಿನಲ್ಲಿಯೂ ಲೋಹದಲ್ಲಿಯೂ ದೇವತಾಮೂರ್ತಿಗಳನ್ನು ರೂಪಿಸುತ್ತ ಬಂದಿವೆ. ಊರನ್ನು ಹೊಕ್ಕವನ ಕಿವಿಗೆ ಮೊದಲು ಬೀಳುವುದು ಉಳಿಯ ಸದ್ದು. ಈಚೆಗೆ ಕಲ್ಲು ಕೊಯ್ಯುವ ಯಂತ್ರದ ಸದ್ದೂ ಅದರೊಡನೆ ಬೆರೆತಿದೆ. ಇಂತಹ ಒಂದು ಮನೆಯಲ್ಲಿ ಕುಶಾಗ್ರಮತಿಯಾದ ಬಾಲಕನೊಬ್ಬನಿದ್ದಾನೆಂದು ಭಾವಿಸೋಣ. ಊರಿನ ಸರ್ಕಾರಿ ಶಾಲೆಯಲ್ಲಿ ಅವನು ಹೇಳಿದ ಪಾಠವನ್ನು ಒಮ್ಮೆಗೇ ಗ್ರಹಿಸುತ್ತಾನೆ, ಲೆಕ್ಕವನ್ನು ಬಾಯಲ್ಲಿಯೇ ಮಾಡಿ ಮುಗಿಸುತ್ತಾನೆ. ಉಪಾಧ್ಯಾಯರು ತಂದೆಯನ್ನು ಕರೆಸಿ, "ಈ ಹುಡುಗನನ್ನು ಇಲ್ಲಿಯೇ ಇಟ್ಟುಕೊಳ್ಳಬೇಡಿ, ಒಳ್ಳೆಯ ಕಡೆ ಸೇರಿಸಿ" ಎಂದು ಹಿತವಚನ ಹೇಳುತ್ತಾರೆ. ಆ ದಿನದಿಂದ ಮನೆಯವರ ನಿದ್ರೆ ಕೆಡುತ್ತದೆ. ಬಂಧುಗಳಲ್ಲಿ ಒಬ್ಬರು ಮದನಪಲ್ಲಿಯ ಬಳಿಯ ರಿಷಿವ್ಯಾಲಿ ಶಾಲೆಯ ಹೆಸರನ್ನು ಹೇಳಿದರೆ, ಇನ್ನೊಬ್ಬರು ಮೈಸೂರಿನ ಶ್ರೀ ರಾಮಕೃಷ್ಣ ವಿದ್ಯಾಶಾಲೆಯ ಹೆಸರನ್ನು ಹೇಳುತ್ತಾರೆ. ಎರಡೂ ಖಾಸಗಿ ಸಂಸ್ಥೆಗಳು, ಎರಡೂ ವಸತಿಶಾಲೆಗಳು, ಎರಡೂ ಬಂದವರನ್ನೆಲ್ಲ ತೆಗೆದುಕೊಳ್ಳದೆ ಪರೀಕ್ಷಿಸಿ ಆರಿಸಿಕೊಳ್ಳುವಂಥವು. ಈ ಮನೆ ಕಲ್ಪಿತವಾದರೂ ಪ್ರಶ್ನೆ ಕಲ್ಪಿತವಲ್ಲ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳ ಎಷ್ಟೋ ಮನೆಗಳಲ್ಲಿ ಪ್ರತಿ ವರ್ಷವೂ ಇದೇ ಚರ್ಚೆ ನಡೆಯುತ್ತದೆ.

ಎರಡು ಸಂಸ್ಥೆಗಳ ಸ್ವರೂಪವನ್ನು ಮೊದಲು ತಿಳಿಯಬೇಕು. 1895ರಲ್ಲಿ ಮದನಪಲ್ಲಿಯಲ್ಲಿ ಜನಿಸಿದ ಜಿಡ್ಡು ಕೃಷ್ಣಮೂರ್ತಿಯವರು ತಮ್ಮ ಹುಟ್ಟೂರಿಗೆ ಸಮೀಪದ ಕಣಿವೆಯೊಂದರಲ್ಲಿ ಸ್ಥಾಪಿಸಿದ ವಿದ್ಯಾಲಯವೇ ರಿಷಿವ್ಯಾಲಿ. ಅದಕ್ಕಾಗಿ 1926ರಲ್ಲಿಯೇ ಭೂಮಿಯನ್ನು ಪಡೆಯಲಾಗಿತ್ತು. ಶ್ರೀನಿವಾಸಪುರದ ಕಡೆಯವರಿಗೆ ಅದು ಗಡಿಯಾಚೆಯದಾದರೂ ಬೆಂಗಳೂರಿನ ಹಲವು ಶಾಲೆಗಳಷ್ಟೇ ಹತ್ತಿರ. ಬಾಲಕರೂ ಬಾಲಕಿಯರೂ ಕೂಡಿ ಕಲಿಯುವ ಈ ಶಾಲೆ ನಾಲ್ಕನೆಯ ತರಗತಿಯಿಂದಲೇ ಮಕ್ಕಳನ್ನು ಸೇರಿಸಿಕೊಳ್ಳುತ್ತದೆ, ಬೋಧನೆ ಇಂಗ್ಲಿಷಿನಲ್ಲಿ. ಸ್ಪರ್ಧೆ, ಬಹುಮಾನ, ಒಬ್ಬನನ್ನು ಮತ್ತೊಬ್ಬನೊಡನೆ ಹೋಲಿಸುವುದು, ಇವು ಕಲಿಕೆಯನ್ನು ಕೆಡಿಸುತ್ತವೆಂಬುದು ಕೃಷ್ಣಮೂರ್ತಿಯವರ ದೃಢವಾದ ಮತ. ಸಂಜೆ ಮಕ್ಕಳು ಒಂದೆಡೆ ಮೌನವಾಗಿ ಕುಳಿತು ಸೂರ್ಯಾಸ್ತವನ್ನು ನೋಡುವ ಪದ್ಧತಿ ಅಲ್ಲಿದೆ. ಅದಕ್ಕೆ 'ಅಸ್ತಾಚಲ'ವೆಂದು ಹೆಸರು. ಇಂಗ್ಲಿಷ್ ಶಾಲೆಯೊಂದರ ದಿನಚರಿಯಲ್ಲಿ ಈ ಸಂಸ್ಕೃತ ಶಬ್ದವು ಜೀವಂತವಾಗಿ ಉಳಿದಿರುವುದು ಸಂತೋಷದ ಸಂಗತಿ.

ಮೈಸೂರಿನ ಯಾದವಗಿರಿಯಲ್ಲಿರುವ ವಿದ್ಯಾಶಾಲೆಯು 1953ರಲ್ಲಿ ಆರಂಭವಾಯಿತು. 1925ರಲ್ಲಿ ಸ್ಥಾಪಿತವಾದ ಅಲ್ಲಿಯ ಶ್ರೀ ರಾಮಕೃಷ್ಣ ಆಶ್ರಮದ ಸಂನ್ಯಾಸಿಗಳ ಆಡಳಿತದಲ್ಲಿ ಅದು ನಡೆಯುತ್ತಿದೆ. ಬಾಲಕರಿಗೆ ಮಾತ್ರ ಪ್ರವೇಶ. ಪ್ರವೇಶವು ಮುಖ್ಯವಾಗಿ ಪ್ರೌಢಶಾಲೆಯ ಹೊಸ್ತಿಲಲ್ಲಿ, ಎಂಟನೆಯ ತರಗತಿಗೆ. ಬೆಳಗ್ಗೆ ಸಂಜೆ ಪ್ರಾರ್ಥನೆ, ನಿಯತವಾದ ದಿನಚರಿ, ಆಟ, ಪಾಠ. ಕುವೆಂಪು ಅವರ ಯೌವನಕಾಲದ ಬದುಕಿನಲ್ಲಿ ಈ ಆಶ್ರಮಕ್ಕಿದ್ದ ಸ್ಥಾನವನ್ನು ಬಲ್ಲ ಕನ್ನಡಿಗರಿಗೆ ಅದರ ವಾತಾವರಣವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ಎರಡರಲ್ಲಿ ಯಾವುದು ಮೇಲು? ಪಾಲಕರು ಸಾಮಾನ್ಯವಾಗಿ ಮೊದಲು ಕೇಳುವುದು ಫಲಿತಾಂಶವನ್ನು. ಎಷ್ಟು ಮಂದಿ ಪ್ರಥಮ ದರ್ಜೆ, ಎಷ್ಟು ಮಂದಿ ವೈದ್ಯಕೀಯಕ್ಕೆ ಹೋದರು, ಎಷ್ಟು ಮಂದಿ ಇಂಜಿನಿಯರುಗಳಾದರು? ಆರಿಸಿ ತೆಗೆದುಕೊಳ್ಳುವ ಶಾಲೆಯ ವಿಷಯದಲ್ಲಿ ಈ ಪ್ರಶ್ನೆಯೇ ದಾರಿ ತಪ್ಪಿಸುವಂಥದು. ಜರಡಿಯಲ್ಲಿ ಉಳಿದ ಕಾಳು ದಪ್ಪವಾಗಿದ್ದರೆ ಅದನ್ನು ಜರಡಿಯ ಮಹಿಮೆಯೆಂದೇ ಹೇಳಬೇಕು. ಗದ್ದೆಯ ಸಾರವನ್ನು ಅದರಿಂದ ಅಳೆಯಲಾಗದು. ಈ ಭೇದವನ್ನು ನಮ್ಮ ಪ್ರಾಚೀನರು ಬಹು ಚೆನ್ನಾಗಿ ಬಲ್ಲವರಾಗಿದ್ದರು. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಶ್ರೇಷ್ಠರೆಂದು ರಾಜನ ಮುಂದೆ ಜಗಳವಾಡುತ್ತಾರೆ. ಶಿಷ್ಯರ ಪ್ರದರ್ಶನದಿಂದ ಅದನ್ನು ತೀರ್ಮಾನಿಸಬೇಕೆಂದಾಗುತ್ತದೆ. ಶಿಷ್ಯೆ ಮಂದಬುದ್ಧಿಯವಳಾದರೆ ಗುರುವಿನ ತಪ್ಪೇನು ಎಂಬ ಆಕ್ಷೇಪವೂ, ಅಂತಹವಳನ್ನು ಆರಿಸಿಕೊಂಡದ್ದೇ ಗುರುವಿನ ವಿವೇಕದ ಕೊರತೆ ಎಂಬ ಸಮಾಧಾನವೂ ಅಲ್ಲಿಯೇ ಬಂದಿವೆ. ಅಂದರೆ ಶಿಷ್ಯನನ್ನು ಆರಿಸುವ ಜಾಣತನ ಬೇರೆ, ಕಲಿಸುವ ಸಾಮರ್ಥ್ಯ ಬೇರೆ ಎಂಬುದು ಆ ಸಭೆಗೆ ತಿಳಿದಿತ್ತು.

ಇದಕ್ಕಿಂತಲೂ ಗಹನವಾದುದು ಭವಭೂತಿಯ ಉತ್ತರರಾಮಚರಿತದ ಎರಡನೆಯ ಅಂಕದಲ್ಲಿ ಬರುವ ಪ್ರಸಂಗ. ಅಲಂಕಾರಶಾಸ್ತ್ರದ ದೃಷ್ಟಿಯಿಂದ ಅದನ್ನು ಬಹಳ ಜನ ಓದಿದ್ದಾರೆ. ಶಾಲೆಯ ಆಯ್ಕೆಯ ದೃಷ್ಟಿಯಿಂದ ಓದಿದವರು ವಿರಳ. ಆತ್ರೇಯಿ ಎಂಬ ತಪಸ್ವಿನಿ ದಂಡಕಾರಣ್ಯದಲ್ಲಿ ನಡೆದು ಬರುತ್ತಿದ್ದಾಳೆ. ವನದೇವತೆಯಾದ ವಾಸಂತಿ ಅವಳನ್ನು ಕಂಡು, ಎಲ್ಲಿಂದ ಬಂದೆ, ಏಕೆ ಬಂದೆ ಎಂದು ವಿಚಾರಿಸುತ್ತಾಳೆ. ಅವಳು ಬಂದಿರುವುದು ವಾಲ್ಮೀಕಿಯ ಆಶ್ರಮದಿಂದ. ಹೊರಟಿರುವುದು ಅಗಸ್ತ್ಯಾದಿಗಳ ಬಳಿ ವೇದಾಂತವನ್ನು ಕಲಿಯುವುದಕ್ಕೆ. ವಾಲ್ಮೀಕಿಯಂತಹ ಗುರುವನ್ನು ಬಿಟ್ಟು ಬರುವುದೇ? ವಾಸಂತಿಗೆ ಆಶ್ಚರ್ಯ. ಆತ್ರೇಯಿ ಎರಡು ಅಡಚಣೆಗಳನ್ನು ಹೇಳುತ್ತಾಳೆ. ಅಲ್ಲಿ ಕುಶ, ಲವ ಎಂಬ ಇಬ್ಬರು ಬಾಲಕರಿದ್ದಾರೆ. ಅವರ ಮೇಧಾಶಕ್ತಿ ಎಂತಹದೆಂದರೆ ಅವರ ಜೊತೆಯಲ್ಲಿ ಕುಳಿತು ಓದುವುದು ತನ್ನಂತಹವಳಿಗೆ ಸಾಧ್ಯವಿಲ್ಲ. ಗುರುವು ಜಾಣನಿಗೂ ದಡ್ಡನಿಗೂ ಒಂದೇ ಸಮನಾಗಿ ವಿದ್ಯೆಯನ್ನು ನೀಡಿದರೂ ಫಲದಲ್ಲಿ ಅಪಾರವಾದ ಅಂತರ ಬೀಳುವುದೆಂಬ ಪ್ರಸಿದ್ಧವಾದ ಮಾತನ್ನು ಅವಳು ಆಡುವುದು ಈ ಸಂದರ್ಭದಲ್ಲಿ. ಎರಡನೆಯ ಅಡಚಣೆ, ಗುರುವಾದ ವಾಲ್ಮೀಕಿಯು ಆಗ ರಾಮಾಯಣದ ರಚನೆಯಲ್ಲಿ ತೊಡಗಿಬಿಟ್ಟಿದ್ದಾನೆ.

ಈ ಉತ್ತರದಲ್ಲಿ ಗಮನಿಸಬೇಕಾದುದು ಆತ್ರೇಯಿಯ ನಿರ್ಮಮತೆ. ಅವಳು ವಾಲ್ಮೀಕಿಯನ್ನು ನಿಂದಿಸುವುದಿಲ್ಲ, ಬಾಲಕರ ಮೇಲೆ ಅಸೂಯೆಪಡುವುದಿಲ್ಲ, ತನ್ನನ್ನು ಹೀನಳೆಂದು ಹಳಿದುಕೊಳ್ಳುವುದೂ ಇಲ್ಲ. ಲೋಕದಲ್ಲಿ ಅತ್ಯಂತ ಕೀರ್ತಿವಂತವಾದ ಗುರುಕುಲವು ತನ್ನ ಕಲಿಕೆಗೆ ಒಗ್ಗುತ್ತಿಲ್ಲವೆಂದು ಕಂಡುಕೊಂಡು ಬೇರೊಂದು ಗುರುಕುಲಕ್ಕೆ ನಡೆದುಬಿಡುತ್ತಾಳೆ. ಶಾಲೆಯ ಹಿರಿಮೆ ಬೇರೆ, ಆ ಶಾಲೆ ಈ ವಿದ್ಯಾರ್ಥಿಗೆ ಸಲ್ಲುವುದು ಬೇರೆ. ತನ್ನ ಮಗನು ಶಿವಾರಪಟ್ಟಣದ ಶಾಲೆಯಲ್ಲಿ ಲವನೋ ಕುಶನೋ ಆಗಿದ್ದಾನೆಂದು ತಂದೆಗೆ ತಿಳಿದಿದೆ. ಆರಿಸಿ ತಂದ ಮಕ್ಕಳೇ ತುಂಬಿರುವ ತರಗತಿಯಲ್ಲಿ ಅವನು ಆತ್ರೇಯಿಯಾದರೆ ಗತಿಯೇನು? ಹತ್ತು ವರ್ಷ ಮೊದಲಿಗನಾಗಿ ಬೆಳೆದ ಹುಡುಗನು ಒಮ್ಮೆಗೇ ಇಪ್ಪತ್ತೈದನೆಯವನಾದಾಗ ಅವನ ಎದೆ ಹೇಗೆ ಮಿಡಿಯುವುದೆಂಬುದನ್ನು ಪ್ರವೇಶಪತ್ರದೊಡನೆ ಬರುವ ಅಂದವಾದ ಪುಸ್ತಿಕೆಗಳು ತಿಳಿಸುವುದಿಲ್ಲ.

ಭವಭೂತಿಯ ಮಾತಿಗೆ ಈ ಕಾಲದ ಸಾಕ್ಷ್ಯವೂ ದೊರಕಿದೆ. ಅಮೆರಿಕದ ಬಾಸ್ಟನ್ ಮತ್ತು ನ್ಯೂಯಾರ್ಕ್ ನಗರಗಳಲ್ಲಿ ಕಠಿಣವಾದ ಪರೀಕ್ಷೆ ನಡೆಸಿ ವಿದ್ಯಾರ್ಥಿಗಳನ್ನು ಆರಿಸುವ ಹೆಸರುವಾಸಿಯಾದ ಶಾಲೆಗಳಿವೆ. ಅವು ಖಾಸಗಿಯಲ್ಲ, ಸರ್ಕಾರದವು. ಆದರೂ ಜರಡಿ ಒಂದೇ. ಅರ್ಥಶಾಸ್ತ್ರದಲ್ಲಿ 2021ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಜೋಷುವಾ ಆಂಗ್ರಿಸ್ಟ್, ಪರಾಗ್ ಪಾಠಕ್ ಮೊದಲಾದವರು ಈ ಶಾಲೆಗಳನ್ನು ಕುರಿತು 2014ರಲ್ಲಿ ಒಂದು ಸಂಶೋಧನೆಯನ್ನು ಪ್ರಕಟಿಸಿದರು. ಅವರ ಉಪಾಯ ಸರಳವಾದುದು. ಪ್ರವೇಶಕ್ಕೆ ಬೇಕಾದ ಅಂಕವನ್ನು ಕೂದಲೆಳೆಯಲ್ಲಿ ಮುಟ್ಟಿ ಒಳಗೆ ಹೋದವರನ್ನೂ, ಕೂದಲೆಳೆಯಲ್ಲಿ ತಪ್ಪಿ ಹೊರಗುಳಿದವರನ್ನೂ ಹೋಲಿಸುವುದು. ಇವರ ಬುದ್ಧಿಶಕ್ತಿ ಹೆಚ್ಚುಕಡಮೆ ಒಂದೇ. ವ್ಯತ್ಯಾಸ ಶಾಲೆಯದು ಮಾತ್ರ. ಮುಂದಿನ ಪರೀಕ್ಷೆಗಳ ಅಂಕಗಳಲ್ಲಿ ಇವರಿಬ್ಬರ ನಡುವೆ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ. ಸಂಗೀತ, ಸ್ನೇಹ, ಶೀಲಗಳನ್ನು ಆ ಸಂಶೋಧನೆ ಅಳೆಯಲಿಲ್ಲವೆಂಬುದನ್ನೂ ನೆನಪಿಡಬೇಕು. ಅಂಕಕ್ಕಾಗಿಯೇ ಇಂತಹ ಶಾಲೆಯನ್ನು ಹುಡುಕುವುದು ವ್ಯರ್ಥ. ಬೇರೆ ಯಾವುದಕ್ಕಾಗಿ ಹುಡುಕುತ್ತಿದ್ದೇವೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು ಎಂಬಷ್ಟು ಅರ್ಥವನ್ನು ಇದರಿಂದ ಗ್ರಹಿಸಬಹುದು.

ಹಾಗೆ ನಿಶ್ಚಯಿಸುವಾಗ ಶಿವಾರಪಟ್ಟಣದ ತಂದೆಯು ತನ್ನ ಮನೆಯಲ್ಲಿಯೇ ಒಂದು ಪಾಠಶಾಲೆ ಇದೆಯೆಂಬುದನ್ನು ಮರೆಯಬಾರದು. ಶಿಲ್ಪಿಯ ಮಗ ತಾಲಮಾನವನ್ನು ಕಲಿಯುತ್ತಾನೆ. ತಾಲವೊಂದಕ್ಕೆ ಹನ್ನೆರಡು ಅಂಗುಲ. ನವತಾಲದ ಮೂರ್ತಿಗೆ 108 ಅಂಗುಲ, ಉತ್ತಮ ದಶತಾಲಕ್ಕೆ 124 ಅಂಗುಲ. ಈ ಅಂಗುಲವು ಅಂಗಡಿಯಲ್ಲಿ ಕೊಂಡ ಅಳತೆಪಟ್ಟಿಯಲ್ಲಿರುವುದಲ್ಲ. ಮೂರ್ತಿಯ ಎತ್ತರವನ್ನೇ ಭಾಗಿಸಿ ಪಡೆಯತಕ್ಕದ್ದು. ಗೇಣುದ್ದದ ಗಣಪತಿಗೂ ಆಳೆತ್ತರದ ವಿಷ್ಣುವಿಗೂ ಅವರವರದೇ ಅಂಗುಲ. ಭಿನ್ನರಾಶಿಯನ್ನೂ ಅನುಪಾತವನ್ನೂ ಇದಕ್ಕಿಂತ ಚೆನ್ನಾಗಿ ಯಾವ ಪಠ್ಯಪುಸ್ತಕ ಕಲಿಸೀತು? ಇದರೊಡನೆ ದೇವತೆಯ ಆಯುಧ, ಆಸನ, ಮುದ್ರೆಗಳನ್ನು ಹೇಳುವ ಧ್ಯಾನಶ್ಲೋಕಗಳು ಬಾಯಿಗೆ ಬರುತ್ತವೆ. ಕೈ ಪಳಗುವುದಕ್ಕೂ ಒಂದು ವಯಸ್ಸಿದೆ. ಒಂಬತ್ತು ಹತ್ತರಿಂದ ಹದಿಮೂರರವರೆಗೆ ಉಳಿ ಹಿಡಿದ ಕೈ ಆಮೇಲೆ ನಾಲ್ಕು ವರ್ಷ ಬಿಟ್ಟರೂ ಮರೆಯದು. ಆ ಕಾಲದಲ್ಲಿ ಹಿಡಿಯದ ಕೈ ಮುಂದೆ ಹಿಡಿದರೂ ಒರಟಾಗಿಯೇ ಉಳಿಯುವ ಭಯವಿದೆ.

ಓದು ಉಳಿಗೆ ಶತ್ರುವೆಂದು ಇದರ ಅರ್ಥವಲ್ಲ. ಮೈಸೂರಿನ ಶಿಲ್ಪಿಮನೆತನದ ಅರುಣ್ ಯೋಗಿರಾಜರು ಎಂ.ಬಿ.ಎ. ಪದವಿ ಪಡೆದು, ಕೆಲಕಾಲ ಖಾಸಗಿ ಕಂಪನಿಯೊಂದರಲ್ಲಿ ದುಡಿದು, 2008ರಲ್ಲಿ ಶಿಲ್ಪಕ್ಕೆ ಮರಳಿದವರು. 2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಪ್ರತಿಷ್ಠೆಗೊಂಡ ಬಾಲರಾಮನ ಮೂರ್ತಿ ಅವರ ಕೃತಿ. ಅವರು ಮರಳಿ ಬರಲು ಸಾಧ್ಯವಾದುದು ಬಾಲ್ಯದಲ್ಲಿ ತಂದೆಯ ಬಳಿ ಕೈ ಪಳಗಿದ್ದುದರಿಂದ. ಇಷ್ಟನ್ನು ಗಮನಿಸಿದರೆ ಎರಡು ಶಾಲೆಗಳ ನಡುವಿನ ಬಹುಮುಖ್ಯವಾದ ಭೇದವು ತತ್ತ್ವದಲ್ಲಿರದೆ ವಯಸ್ಸಿನಲ್ಲಿದೆಯೆಂಬುದು ಹೊಳೆಯುತ್ತದೆ. ಒಂದು ಶಾಲೆ ಒಂಬತ್ತು ಹತ್ತರ ಮಗುವನ್ನು ಕರೆಯುತ್ತದೆ. ಇನ್ನೊಂದು ಹದಿಮೂರರ ಹುಡುಗನನ್ನು. ನಡುವಿನ ಆ ಮೂರು ನಾಲ್ಕು ವರ್ಷಗಳೇ ಶಿಲ್ಪಿಯ ಮನೆಗೆ ಅಮೂಲ್ಯವಾದುವು.

ಭಾಷೆಯ ವಿಚಾರವೂ ಉಪೇಕ್ಷಣೀಯವಲ್ಲ. ಕೋಲಾರದ ಸೀಮೆಯಲ್ಲಿ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ಉರ್ದು ಕೇಳಿಬರುವುದು ಹೊಸದಲ್ಲ. ಇದೇ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಓದಿದರು, ಬರೆದುದು ಕನ್ನಡದಲ್ಲಿ, 1983ರ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದುದೂ ಕನ್ನಡಕ್ಕೆ. ಆದುದರಿಂದ ಇಂಗ್ಲಿಷಿನಲ್ಲಿ ಓದಿದ ಮಾತ್ರಕ್ಕೆ ಕನ್ನಡ ಕೈಬಿಟ್ಟುಹೋಗುವುದೆಂದು ಹೆದರಬೇಕಾಗಿಲ್ಲ. ಆದರೆ ಓದುವ, ಬರೆಯುವ ಅಭ್ಯಾಸ ತಪ್ಪಬಾರದು. ಕರ್ನಾಟಕದ ಶಾಲೆಗಳಲ್ಲಿ ಕನ್ನಡವನ್ನು ಕಲಿಸಬೇಕೆಂದು 2015ರಲ್ಲಿ ಕಾಯಿದೆಯಾಗಿದೆ. ಗಡಿಯಾಚೆಗೆ ಆ ಕಾಯಿದೆ ಸಲ್ಲದು. ರಿಷಿವ್ಯಾಲಿಯನ್ನು ಬಯಸುವ ಪಾಲಕನು ತನ್ನ ಮಗನ ಕನ್ನಡದ ವ್ಯವಸ್ಥೆಯನ್ನು ಸ್ಪಷ್ಟವಾಗಿ ಕೇಳಿ ತಿಳಿಯಬೇಕು. ಇಲ್ಲವಾದರೆ ರಜೆಯಲ್ಲಿ ಮನೆಯಲ್ಲಿಯೇ ಹೇಳಿಕೊಡಲು ಸಿದ್ಧನಾಗಿರಬೇಕು.

ಇನ್ನು ಶುಲ್ಕದ ಮಾತು. ಸಾಲ ಮಾಡಿ ತೆತ್ತ ಶುಲ್ಕದ ಭಾರವನ್ನು ಮಗನೂ ಹೊರುತ್ತಾನೆ. ತಂದೆ ತಿಂಗಳುಗಟ್ಟಲೆ ಕಲ್ಲಿನ ಧೂಳು ಕುಡಿದು ಗಳಿಸಿದ್ದು ಒಂದು ಕಂತಿಗೆ ಸಾಲದೆಂದು ಅರಿತ ಹುಡುಗನು, ನಿಶ್ಚಿಂತರಾದ ಸಹಪಾಠಿಗಳ ನಡುವೆ ಮೌನಿಯಾಗುವುದುಂಟು. ವಿದ್ಯಾರ್ಥಿವೇತನದ ಸೌಲಭ್ಯವನ್ನು ಸಂಕೋಚವಿಲ್ಲದೆ ಮೊದಲೇ ವಿಚಾರಿಸುವುದು ಲೇಸು.

ಇಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ಬಹಳ ಪಾಲಕರಿಗೆ ಇದು ತಿಳಿಯದು. ರಿಷಿವ್ಯಾಲಿಯವರು ತಮ್ಮ ಸುತ್ತಣ ಹಳ್ಳಿಗಳ ಬಡಮಕ್ಕಳಿಗಾಗಿ ಚಿಕ್ಕ ಚಿಕ್ಕ ಶಾಲೆಗಳನ್ನು ನಡೆಸಿ, ಹಲವು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಚೀಟಿಗಳ ಸಹಾಯದಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿಯೊಂದನ್ನು ರೂಪಿಸಿದರು. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಉಪಾಧ್ಯಾಯರು ಅಲ್ಲಿಗೆ ಹೋಗಿ ಅದನ್ನು ನೋಡಿ ಬಂದು, ಕನ್ನಡಕ್ಕೆ ಒಗ್ಗಿಸಿದರು. ಅದೇ 'ನಲಿಕಲಿ'. ಮುಂದೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಹಬ್ಬಿತು. ದೂರದ ಕಣಿವೆಯ ಆ ಶಾಲೆಯ ಒಂದು ಉತ್ತಮವಾದ ಅಂಶವು ಶುಲ್ಕವಿಲ್ಲದೆ, ಪ್ರವೇಶಪರೀಕ್ಷೆಯಿಲ್ಲದೆ ಊರಿನ ಶಾಲೆಯ ಬಾಗಿಲಿಗೇ ಬಂದು, ಈ ಬಾಲಕನಂತಹವರಿಗೆ ಅಕ್ಷರ ಕಲಿಸಿದೆ. ಊರಿನ ಶಾಲೆಯನ್ನು ಹೀನಾಯವಾಗಿ ಕಾಣುವ ಮುನ್ನ ಇದನ್ನು ಯೋಚಿಸಬೇಕು.

ಸಂಸ್ಥೆಗಿಂತ ಗುರುವನ್ನು ಅರಸಿ ಹೋದವರ ನಿದರ್ಶನವೂ ಈ ಸೀಮೆಯಲ್ಲಿದೆ. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು, ಊರಿನ ಓದು ಮುಗಿದ ಮೇಲೆ 1935ರಲ್ಲಿ ಬಸ್ಸಿಗೆ ಹಣವಿಲ್ಲದೆ ಬೆಂಗಳೂರಿನವರೆಗೆ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲನ್ನು ಸೇರಿದರು. ಊರಿನಲ್ಲಿ ತಮ್ಮ ಗುಣವನ್ನು ಕಂಡಿದ್ದ ಗುರುಗಳು ಅಲ್ಲಿದ್ದಾರೆಂಬುದೇ ಅವರ ಧೈರ್ಯ. ಅದೇ ವಿದ್ಯಾಸಂಸ್ಥೆಯಲ್ಲಿ ಅಧ್ಯಾಪಕರೂ ಪ್ರಾಂಶುಪಾಲರೂ ಆದರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. 2005ರಲ್ಲಿ ನಿಧನರಾಗುವವರೆಗೂ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯೇ ಅವರ ಮನೆ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರಂತೂ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಿ.ಲಿಟ್. ನೀಡಿತು. ಯಾವ ಜರಡಿಯಲ್ಲಿಯೂ ಅವರು ನಿಲ್ಲುತ್ತಿರಲಿಲ್ಲವೇನೋ!

ಮಠಗಳ ಆಶ್ರಯದಲ್ಲಿ ಬೆಳೆದ ವಿದ್ಯಾಲಯಗಳ ಹಾದಿ ಬೇರೆಯದು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಬಾಲಕರಿಗೆ ಜಾತಿಮತಗಳನ್ನು ನೋಡದೆ ಅನ್ನ, ವಸತಿ, ವಿದ್ಯೆಗಳು ದೊರೆಯುತ್ತಿವೆ. ಬಂದವನು ಲವನೋ ಆತ್ರೇಯಿಯೋ ಎಂದು ಬಾಗಿಲಲ್ಲಿ ತೂಗುವ ಪದ್ಧತಿ ಅಲ್ಲಿಯದಲ್ಲ. ಇಂತಹ ಶಾಲೆಗಳಿಗೆ ದ್ರವ್ಯಸಹಾಯ ಮಾಡುವ ದಾನಿಗಳು ಕೆಲವೊಮ್ಮೆ, ನಾವೂ ಪ್ರವೇಶಪರೀಕ್ಷೆ ಇಟ್ಟರೆ ಫಲಿತಾಂಶ ಏರುವುದಲ್ಲವೇ ಎಂದು ಕೇಳುವುದುಂಟು. ಏರುತ್ತದೆ, ನಿಜ. ಆದರೆ ಉಪಾಧ್ಯಾಯರ ಬೋಧನೆ ಅದರಿಂದ ಒಂದು ಕೂದಲಿನಷ್ಟೂ ಉತ್ತಮವಾಗಿರುವುದಿಲ್ಲ.

ಶಿವಾರಪಟ್ಟಣದ ತಂದೆಗೆ ಸ್ಪಷ್ಟವಾದ ಉತ್ತರ ಬೇಕು. ಉಳಿಯ ಮನೆಯಲ್ಲಿ ಹುಟ್ಟಿದ ಹುಡುಗನು ಏಳನೆಯ ತರಗತಿಯವರೆಗೆ ಮನೆಯಲ್ಲಿಯೇ ಇರತಕ್ಕದ್ದು. ಹಗಲು ಊರಿನ ಶಾಲೆ, ಸಂಜೆ ತಂದೆಯ ಕಲ್ಲು. ಆಮೇಲೆ, ಶಿಸ್ತೂ ನಿಯತಿಯೂ ಅವನ ಸ್ವಭಾವಕ್ಕೆ ಒಗ್ಗುವುವಾದರೆ, ಮೈಸೂರಿನ ವಿದ್ಯಾಶಾಲೆಗೆ ಪ್ರಯತ್ನಿಸುವುದು ಯುಕ್ತ. ಪರೀಕ್ಷೆಗೆಂದು ವರ್ಷವಿಡೀ ತರಬೇತಿಯ ಅಂಗಡಿಗೆ ಕಳಿಸಿ ಅವನನ್ನು ಹಿಂಡಬಾರದು. ಹಾಗೆ ಹಿಂಡಿ ಒಳಗೆ ತಳ್ಳಿದವನೇ ಮುಂದೆ ಆತ್ರೇಯಿಯಾಗುವುದು. ಮನೆಯಲ್ಲಿ ಕೈಕಸುಬಿಲ್ಲದ, ಶುಲ್ಕಕ್ಕೆ ತೊಂದರೆಯಿಲ್ಲದ, ಹೋಲಿಕೆಯ ಮಾತು ಕೇಳಿದೊಡನೆ ಮುದುಡಿಕೊಳ್ಳುವ, ಹಕ್ಕಿ ಗಿಡಗಳ ಹಿಂದೆ ಅಲೆಯುವ ಮಗುವಿದ್ದರೆ ಅದಕ್ಕೆ ರಿಷಿವ್ಯಾಲಿಯೇ ಮೇಲು. ಅದನ್ನು ಚಿಕ್ಕಂದಿನಲ್ಲಿಯೇ ಕಳುಹಿಸಬಹುದು.

ನೋಡಲು ಹೋಗುವವರು ವಾರ್ಷಿಕೋತ್ಸವದ ದಿನ ಹೋಗದೆ ಯಾವುದಾದರೊಂದು ಸಾಮಾನ್ಯ ದಿನ, ಅನುಮತಿ ಪಡೆದು ಹೋಗಬೇಕು. ಮೊದಲ ಸ್ಥಾನದವನ ವಿಷಯವನ್ನು ಕೇಳುವ ಬದಲು ಕೊನೆಯ ಸ್ಥಾನದವನಿಗೆ ಯಾರು, ಯಾವ ಹೊತ್ತಿನಲ್ಲಿ ಪಾಠ ಹೇಳುತ್ತಾರೆಂದು ಕೇಳಬೇಕು. ಉಪಾಧ್ಯಾಯರು ಎಷ್ಟು ವರ್ಷದಿಂದ ಅಲ್ಲಿದ್ದಾರೆ, ರಾತ್ರಿ ಜ್ವರ ಬಂದರೆ ಹುಡುಗನ ಪಕ್ಕದಲ್ಲಿ ಕುಳಿತುಕೊಳ್ಳುವವರು ಯಾರು ಎಂಬುದನ್ನೂ ವಿಚಾರಿಸಬೇಕು. ಈ ಕೊನೆಯ ಪ್ರಶ್ನೆಯನ್ನು ತಾಯಿ ಕೇಳಿಯೇ ಕೇಳುತ್ತಾಳೆ; ಆದುದರಿಂದ ಅವಳನ್ನೂ ಕರೆದುಕೊಂಡು ಹೋಗತಕ್ಕದ್ದು. ಮಗನನ್ನಂತೂ ಬಿಟ್ಟು ಹೋಗಲೇಬಾರದು. ಊಟದ ಹೊತ್ತಿನಲ್ಲಿ ಅಲ್ಲಿಯ ಹುಡುಗರ ಜೊತೆ ಅವನನ್ನು ಕೂರಿಸಿ, ತಾವು ದೂರ ಸರಿದು, ಮರಳಿ ಬರುವ ದಾರಿಯಲ್ಲಿ ಅವನು ತಾನಾಗಿ ಏನು ಹೇಳುತ್ತಾನೋ ಅದನ್ನು ಕೇಳಬೇಕು.